ಕುಲಾವಿಯ ಬಣ್ಣ

ಬಟ್ಟಲಿನಲ್ಲಿ ಕಲಸಿಟ್ಟಿದ್ದ ತಲೆಗೂದಲಿನ ಬಣ್ಣ ಆಗಲೇ ಗಟ್ಟಿಯಾಗತೊಡಗಿತ್ತು. ಸಾಕಿದ ಬಿಳಿ ಇಲಿ ಅವಳ ಎಡಗೈಯ ಹಿಡಿಯೊಳಗೆ ನೆಮ್ಮದಿಯಾಗಿ ಕೂತು ಮುಂಗಾಲುಗಳಿಂದ ಮೂತಿ ಉಜ್ಜಿಕೊಳ್ಳುತ್ತಿತ್ತು. ಬಲಗೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ತಲೆ, ಕುತ್ತಿಗೆ, ಎರಡು ಹೆಗಲು, ಅಲ್ಲಿಂದ ಬೆನ್ನಿನ ನಡುವೆ ಬಾಲದ ಬುಡದವರೆಗೆ ಒಂದು ಬೆರಳಗಲದ ಪಟ್ಟೆ. ಇಷ್ಟು ಕಪ್ಪಾದರೆ ಸಾಕು. ಹಣೆಯ ಬಿಳಿ ಗೆರೆಯನ್ನು ಮಾತ್ರ ಮೂಗಿನ ಹತ್ತಿರ ಅಗಲವಾಗಿ, ಕಿವಿಗಳ ನಡುವೆ ಮೊನಚಾಗಿ ಮುಗಿಯುವಂತೆ ಬಿಡಬೇಕು. ಕಪ್ಪು ಎಲ್ಲಿತ್ತು, ಎಲ್ಲಿಗೆ ಬಂದು ನಿಂತಿತ್ತು ಎನ್ನುವುದು ಅವಳ ಬೆರಳುಗಳಿಗೇ ನೆನಪಿತ್ತು. ಮಗಳು ಬರುವ ಬಸ್ಸು ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಒಣಗುತ್ತದೆ ಎಂದುಕೊಂಡಳು. ಎಂದುಕೊಂಡ ಮರುಕ್ಷಣವೇ ಇಲಿ ಅವಳ ಹೆಬ್ಬೆರಳಿಗೆ ಮೆತ್ತಿದ್ದ ಬಣ್ಣವನ್ನು ಮೂಸಿ ನಾಲಿಗೆ ಚಾಚಿತು. ಅವಳು ನಲ್ಲಿಯ ಹತ್ತಿರಕ್ಕೆ ಓಡಿ, ಒದ್ದೆ ಬಟ್ಟೆಯಿಂದ ಅದರ ಬಾಯಿ ಒರೆಸಿದಳು, ಮತ್ತೆ ಒರೆಸಿದಳು. ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಸಂಜೆಯೊಳಗೆ ಹೊಟ್ಟೆಗೆ ಸೇರುತ್ತದೆ. ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲಿಲ್ಲವಲ್ಲ, ಎಂಥ ಕೈ ನನ್ನದು, ಎಂದು ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದಳು. ಬಣ್ಣವನ್ನು ಮೋರಿಗೆ ಸುರಿದಳು. ಬಟ್ಟಲು ತೊಳೆಯಲು ಹೊತ್ತಿರಲಿಲ್ಲ, ಅಂಗಡಿಗೆ ತಡವಾಗಿತ್ತು. ಹೆಬ್ಬೆರಳು ಕಪ್ಪಾಗಿಯೇ ಉಳಿಯಿತು.

ಅವಳದು ರಫೂ ಕೆಲಸ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದುಗಡೆ, ಇಸ್ತ್ರಿ ಮೇಜಿನ ಹಬೆ ಬಂದು ಬಡಿಯುವ ಮೂಲೆಯಲ್ಲಿ, ಕಿಟಕಿಗೆ ಮುಖ ಮಾಡಿ ಕೂರುತ್ತಾಳೆ. ಸಿಗರೇಟಿನ ಕಿಡಿ ಬಿದ್ದು ತೂತಾದ ಕೋಟು, ಮೊಳೆಗೆ ಸಿಕ್ಕಿ ಹರಿದ ಶಾಲು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಹಿರಿದು, ಎಳೆಗೆ ಎಳೆ ಕೂಡಿಸಿ, ಹರಿದದ್ದೇ ಸುಳ್ಳು ಎನ್ನುವ ಹಾಗೆ ಮಾಡಿಬಿಡಬೇಕು. ಕೆಲಸ ಚೆನ್ನಾಗಿ ಆದ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬಿತ್ತೆಂದರೆ ಬೈಗುಳ ಕಾದಿದೆ ಎಂದೇ ಅರ್ಥ. ಈ ಬೆಳಿಗ್ಗೆ ಬೈಗುಳ ಬೇರೆ ದಾರಿಯಿಂದ ಬಂತು. ಕಪ್ಪು ಕೋಟು ಒಪ್ಪಿಸಿಕೊಳ್ಳಲು ಬಂದ ದಪ್ಪ ಮೀಸೆಯ ಗಿರಾಕಿ ತೋಳನ್ನು ಬೆಳಕಿಗೆ ಹಿಡಿದು, ರಫೂ ಆದ ಜಾಗವನ್ನು ಹುಡುಕಿ ಹುಡುಕಿ ಸೋತು, ಆ ಸೋಲಿನ ಸಿಟ್ಟಿನಲ್ಲೇ ಎಂಬಂತೆ ಎರಡು ಬೆರಳಿನಲ್ಲಿ ಏನನ್ನೋ ಎತ್ತಿ ತೋರಿಸಿದ. ಬಿಳಿಯ ಗಿಡ್ಡ ಕೂದಲು.

"ಏನಮ್ಮಾ ಇದು? ಮನೇಲಿ ನಾಯಿ ಸಾಕಿದೀರಾ?" ಎಂದರು ಯಜಮಾನರು.

"ನಾಯಿ ಆಗಿದ್ರೆ ಒಂದು ಮರ್ಯಾದೆ ಇರ್ತಿತ್ತು ಯಜಮಾನ್ರೇ," ಎಂದ ಇಸ್ತ್ರಿಯವನು ಹಬೆಯೊಳಗಿನಿಂದಲೇ. "ಅಕ್ಕ ಸಾಕಿರೋದು ಇಲಿ. ಊರೆಲ್ಲಾ ಇಲಿ ಹಿಡಿಯೋಕೆ ಬೋನು ಇಟ್ರೆ ನಮ್ಮಕ್ಕ ಇಲಿಗೆ ಹಾಸಿಗೆ ಹಾಸ್ತಾರೆ."

ಗಿರಾಕಿ ಕೋಟನ್ನು ಮೇಜಿನ ಮೇಲೆ ಬಿಟ್ಟು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳು ತಲೆ ತಗ್ಗಿಸಿ, ಅಂಟುಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ಕೂದಲನ್ನು ಎತ್ತತೊಡಗಿದಳು. ಬುಡದಿಂದ ತುದಿಯವರೆಗೂ ಬಿಳಿ. ಮಗಳು ಆಸ್ಪತ್ರೆಗೆ ಹೋದ ಹೊಸತರಲ್ಲಿ ಇದೇ ಇಲಿ ಅವಳ ಬಿಳಿ ಸೆರಗಿನ ಮೇಲೆ ಉದುರಿಸುತ್ತಿದ್ದ ಕೂದಲು ಕಾಡಿಗೆಯಷ್ಟು ಕಪ್ಪಗಿರುತ್ತಿತ್ತು. ಆಗ ಅದನ್ನು ಕೊಡವಿ ಬಿಸಾಡಿದ್ದಳು. ನಾಲ್ಕು ಕೂದಲನ್ನಾದರೂ ಎತ್ತಿಡಬೇಕಿತ್ತು. ಎತ್ತಿಟ್ಟಿದ್ದರೂ ಏನಾಗುತ್ತಿತ್ತು? ಕಪ್ಪು ಕೂದಲು ಯಾವ ಇಲಿಯ ಮೈಯಿಂದಲಾದರೂ ಸಿಗುತ್ತದೆ, ಎಂದು ಮಗಳ ದನಿಯಲ್ಲೇ ತನಗೆ ತಾನು ಉತ್ತರ ಕೊಟ್ಟುಕೊಂಡಳು.

ಇಲಿಯ ಬಣ್ಣ ಮೊದಲು ಬಿಟ್ಟದ್ದು ಕಣ್ಣಿನ ಸುತ್ತ. ಹಿಟ್ಟು ಮೆತ್ತಿದೆ ಎಂದುಕೊಂಡು ಒರೆಸಿದ್ದಳು. ಹಿಟ್ಟಲ್ಲ. ಕನ್ನಡಕ ಹಾಕಿದ ಹಾಗೆ ಎರಡು ಬಿಳಿ ಬಳೆ. ಆಮೇಲೆ ಹೆಗಲ ಮೇಲೆ ಕಪ್ಪಿನ ನಡುನಡುವೆ ಬಿಳಿ ಕೂದಲು ಮೂಡಿ, ಎಳ್ಳಿಗೆ ಉಪ್ಪು ಬೆರೆಸಿದಂತಾಯಿತು. ಒಂದು ಸಲ ಕೂದಲು ಉದುರಿ ಹೊಸದು ಬಂದಾಗ ಬೂದಿ, ಇನ್ನೊಂದು ಸಲ ಉದುರಿ ಬಂದಾಗ ತೆಳು ಹೊಗೆ. ಮಗಳು ಅದನ್ನು ಮನೆಗೆ ತಂದಾಗ ಅಂಗೈಯಗಲದ ಮರಿ. ತಲೆಯಿಂದ ಹೆಗಲವರೆಗೆ ಮಸಿಯಂಥ ಕಪ್ಪು, ಬೆನ್ನಿಗೊಂದು ಪಟ್ಟೆ, ಉಳಿದ ಮೈಯೆಲ್ಲ ಹಾಲು. ಹಸುಗೂಸಿಗೆ ಕುಲಾವಿ ತೊಡಿಸಿದ ಹಾಗೇ ಇತ್ತು. "ಅಮ್ಮ, ಇದಕ್ಕೆ ಬೇರೆ ಹೆಸರೇ ಬೇಡ," ಎಂದಿದ್ದಳು. ಆ ದಿನಗಳಲ್ಲಿ ಮಗಳು ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು, ಗೋಡೆಗೆ ಮುಖ ಮಾಡಿ ಮಲಗಿದರೆ ದಿನ ಕಳೆದದ್ದು ಗೊತ್ತಾಗುತ್ತಿರಲಿಲ್ಲ. ಆ ಒಂದು ಮಾತು, ಆ ಒಂದು ನಗು. ಕುಲಾವಿ ಮಗಳ ಕೈಯಲ್ಲಿದ್ದದ್ದು ಒಂದೇ ತಿಂಗಳು. ಆಮೇಲೆ ಆಸ್ಪತ್ರೆ.

ವಾರಕ್ಕೊಮ್ಮೆ ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ಅಮ್ಮ ಹೇಗಿದ್ದೀಯ ಎಂದು ಮಗಳು ಕೇಳುತ್ತಿರಲಿಲ್ಲ. "ಕುಲಾವಿ ಹೇಗಿದೆ?"

"ಚೆನ್ನಾಗಿದೆ ಕಣೇ."

"ಕಪ್ಪು ಹಾಗೇ ಇದೆಯಾ?"

"ಹಾಗೇ ಇದೆ. ಕಾಡಿಗೆ ಬಳಿದ ಹಾಗೆ."

ಮೊದಲ ಸಲ ಹಾಗೆಂದದ್ದು ಹೆದರಿಕೆಯಿಂದ. ಆಚೆಯ ತುದಿಯಲ್ಲಿ ಅಷ್ಟು ತೆಳ್ಳಗಿನ ದನಿ, ಇಲಿಯ ಬಣ್ಣ ಹೋಗುತ್ತಿದೆ ಎಂದರೆ ಅದಕ್ಕೇನೋ ರೋಗ ಎಂದುಕೊಂಡಾಳು, ರಾತ್ರಿಯೆಲ್ಲ ನಿದ್ದೆಗೆಟ್ಟಾಳು. ಎರಡನೆಯ ಸಲ ಹೇಳಿದ್ದು, ಮೊದಲ ಸಲ ಹೇಳಿಬಿಟ್ಟಿದ್ದರಿಂದ. ಆಮೇಲೆ ಅದು ಅವಳ ಕೈಕೆಲಸದ ಹಾಗೇ ಆಗಿಹೋಯಿತು. ವಾರ ವಾರ ಎಳೆಗೆ ಎಳೆ ಸೇರಿಸಿ, ಫೋನಿನಲ್ಲಿ ಒಂದು ಕಪ್ಪು ಕುಲಾವಿಯನ್ನು ನೇಯುತ್ತ ಹೋದಳು. ಹೇಳುತ್ತಿದ್ದಾಗ ಇಲಿ ಅವಳ ಹೆಗಲ ಮೇಲೆಯೇ ಇರುತ್ತಿತ್ತು, ದಿನಕ್ಕಿಷ್ಟು ಬೆಳ್ಳಗಾಗುತ್ತ. ಅದರ ಉಸಿರು ಕಿವಿಗೆ ತಾಗುತ್ತಿತ್ತು. ಮನೆಯಲ್ಲಿ ಅವಳ ಸೂಜಿಯ ಸದ್ದು ಕೇಳುವ ಜೀವ ಅದೊಂದೇ ಆಗಿತ್ತು. ಮಗಳಿಗೆ ಹೇಳಬೇಕಾದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು, ಅದೂ ತಲೆ ಓರೆ ಮಾಡಿ ಕೇಳುತ್ತಿತ್ತು. ಈ ಸುಖವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಗಳು ಅಲ್ಲಿ ಒದ್ದಾಡುತ್ತಿರುವಾಗ ತನಗೆ ಇಲ್ಲಿ ಸುಖವೆಂಬುದು ಬಂದೀತೆ ಎಂದು ನಾಚಿಕೆಯಾಗುತ್ತಿತ್ತು.

ಕೂದಲು ಪೂರ್ತಿ ಬಿಳಿಯಾದ ಮೇಲೆ ಕುಲಾವಿಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಅದನ್ನು ಮಾರಿದ್ದ ಇಲಿಯಜ್ಜನ ಮನೆಗೆ ಹೋಗಿದ್ದಳು. ಮಹಡಿಯ ಮೇಲಿನ ಒಂಟಿ ಕೋಣೆ, ನೆಲದಿಂದ ಸೂರಿನವರೆಗೂ ಗೂಡುಗಳು. ಮುಂಗುಸಿ ಬಣ್ಣದವು, ಪಾರಿವಾಳದ ಬೂದು ಬಣ್ಣದವು, ಬೆನ್ನು ಕಪ್ಪಾಗಿ ಹೊಟ್ಟೆ ಮಾತ್ರ ಬೆಳ್ಳಗಿರುವವು, ಮೈಯೆಲ್ಲ ಕೆನೆಯಾಗಿ ಮೂತಿ ಕಿವಿಗಳಿಗೆ ಮಾತ್ರ ಮಸಿ ತಾಗಿದವು, ಗುಂಗುರು ಕೂದಲಿನವು. ಮುದುಕ ಕನ್ನಡಕ ಏರಿಸಿ ಕುಲಾವಿಯನ್ನು ಉಲ್ಟಾ ಮಾಡಿ ನೋಡಿದ.

"ರೋಗಾನೂ ಇಲ್ಲ, ಏನೂ ಇಲ್ಲ ತಾಯೀ. ಇದು ಬೂದಿ ಜಾತಿ. ಹುಟ್ಟುವಾಗ ಮಸಿ, ಬೆಳೀತಾ ಬೆಳೀತಾ ಬಿಳಿ. ನಿಮ್ಮ ತಲೆ ನೋಡ್ಕೊಳ್ಳಿ, ಅದೇನು ರೋಗವಾ?"

"ಕೊಡುವಾಗ ಹೇಳಲಿಲ್ವಲ್ಲ ನೀವು."

"ನಿಮ್ಮ ಮಗಳು ಅದನ್ನ ಹಿಡ್ಕೊಂಡು ನಗ್ತಿದ್ಳು. ನಗೋ ಹುಡುಗಿ ಹತ್ರ ಯಾರು ಹೇಳ್ತಾರೆ ಇಂಥದ್ದೆಲ್ಲ?" ಮುದುಕ ಕೆಳಗಿನ ಗೂಡಿಗೆ ಕೈ ಹಾಕಿ ಒಂದು ಮರಿಯನ್ನು ತೆಗೆದ. ಮಸಿಯಂಥ ತಲೆ, ಬೆನ್ನಿಗೆ ಪಟ್ಟೆ, ಹಣೆಯಲ್ಲಿ ಮೊನಚಾದ ಬಿಳಿ ಗೆರೆ. "ಇದರ ತಮ್ಮನ ಮಗಳು. ಬೇಕಿದ್ರೆ ಇಟ್ಕೊಂಡು ಸಾಕಿ. ಅವಳು ಬರೋ ಹೊತ್ತಿಗೆ ಅಳತೆಗೆ ಬಂದಿರುತ್ತೆ. ಒಂದೆರಡು ತಿಂಗಳಂತೂ ಗೊತ್ತಾಗಲ್ಲ."

ಅವಳು ಆ ಮರಿಯನ್ನು ಕೈಯಲ್ಲಿ ಹಿಡಿದಿದ್ದಳು. ಹಿಡಿದದ್ದು ಸುಳ್ಳಲ್ಲ. ಎಷ್ಟು ಹೊತ್ತು ಹಿಡಿದಿದ್ದಳೋ, ಮುದುಕ ಆಗಲೇ ಕಾಗದದ ಪೆಟ್ಟಿಗೆಗೆ ತೂತು ಕೊರೆಯತೊಡಗಿದ್ದ. ಆಗ ನೆನಪಾದದ್ದು ಬೊಟ್ಟು. ಮಗಳಿಗೆ ಹತ್ತು ವರ್ಷವಿದ್ದಾಗಿನ ಇಲಿ. ಮೈಯೆಲ್ಲ ಕಪ್ಪು, ಹಣೆಗೊಂದು ಬಿಳಿ ಚುಕ್ಕೆ. ಮಗಳು ಶಾಲೆಯಿಂದ ಬರುವ ಮೊದಲು ಸತ್ತುಬಿದ್ದಿತ್ತು. ಅವಳು ಓಡಿಹೋಗಿ ಇದೇ ಮುದುಕನಿಂದ ಅಂಥದೇ ಚುಕ್ಕೆಯ ಇನ್ನೊಂದನ್ನು ತಂದು ಗೂಡಿಗೆ ಬಿಟ್ಟಿದ್ದಳು. ಮಗಳು ನೋಡಿದಳು, ಬೊಟ್ಟೂ ಎಂದು ಕರೆದಳು, ಎತ್ತಿ ಮುದ್ದಿಸಿದಳು. ಯಾವ ಗಿರಾಕಿಗೂ ಇಷ್ಟು ಸೊಗಸಾದ ರಫೂ ಮಾಡಿಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಎಷ್ಟೋ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಮುಚ್ಚಿದ ಬಾಗಿಲಿನ ಆಚೆ ಮಗಳು ಇಲಿಯೊಂದಿಗೆ ಪಿಸುಗುಡುವುದು ಕೇಳಿಸಿತು. ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು. "ಅಮ್ಮನ ಮುಂದೆ ಮಾತ್ರ ನೀನು ಬೊಟ್ಟು, ಆಯ್ತಾ? ಅಮ್ಮ ಪಾಪ, ಬೇಜಾರು ಮಾಡ್ಕೋತಾಳೆ." ಬಾಗಿಲಿನ ಈಚೆ ನಿಂತವಳಿಗೆ ನೆಲ ಬಿರಿಯಬಾರದೇ ಎನ್ನಿಸಿತ್ತು. ಒಳಗೆ ಹೋಗಲಿಲ್ಲ. ಅವತ್ತೂ ಹೋಗಲಿಲ್ಲ, ಆಮೇಲೂ ಅದರ ಮಾತೆತ್ತಲಿಲ್ಲ.

ಮರಿಯನ್ನು ಮುದುಕನ ಕೈಗೇ ವಾಪಸು ಕೊಟ್ಟು ಬಂದಿದ್ದಳು. ಜೀವಮಾನದಲ್ಲಿ ಒಂದಾದರೂ ನೇರವಾದ ಕೆಲಸ ಮಾಡಿದೆ ಎಂದು ದಾರಿಯುದ್ದಕ್ಕೂ ಮೈ ಹಗುರವಾಗಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದೂ ನೇರವಾಗಿರಿ ಎಂದೇ. "ಒಂದು ದಿನಕ್ಕೆ ಮನೆಗೆ ಕಳಿಸ್ತಿದೀವಿ. ಅವಳಿಗೆ ಸರಿಹೋದ್ರೆ ಅಲ್ಲೇ ಉಳೀಲಿ. ಇಲ್ಲಾಂದ್ರೆ ಸಂಜೆ ಬಸ್ಸಿಗೆ ವಾಪಸ್ ಬಂದು ನಮ್ಮ ಹಾಸ್ಟೆಲ್‌ನಲ್ಲಿ ಇರ್ತಾಳೆ, ಅಲ್ಲೇ ಏನಾದ್ರೂ ಕೆಲಸ ಕೊಡ್ತೀವಿ. ಅದು ಅವಳಿಗೆ ಬಿಟ್ಟದ್ದು. ನೀವು ಬಲವಂತ ಮಾಡಬೇಡಿ. ಮತ್ತೆ, ಏನೇ ಆಗಲಿ, ಸುಳ್ಳು ಮಾತ್ರ ಹೇಳಬೇಡಿ." ಕೊನೆಯ ಮಾತಿಗೆ ಅವಳ ಮುಖ ಕೆಂಪಾಗಿತ್ತು. ಮಗಳನ್ನು ಅಲ್ಲಿಗೆ ಕರೆತಂದದ್ದು ಹೇಗೆ ಎನ್ನುವುದು ಡಾಕ್ಟರಮ್ಮನಿಗೂ ಗೊತ್ತಿತ್ತು. ರಕ್ತ ಪರೀಕ್ಷೆ ಅಷ್ಟೇ ಕಣೇ, ಮಧ್ಯಾಹ್ನದ ಊಟಕ್ಕೆ ವಾಪಸ್ಸು, ಎಂದು ಹೇಳಿ ಕರೆತಂದು, ಮಗಳನ್ನು ಅಲ್ಲೇ ಕೂರಿಸಿ, ನೀರು ಕುಡಿದು ಬರುತ್ತೇನೆಂದು ಎದ್ದುಹೋದವಳು ಹಿಂದಿನ ಗೇಟಿನಿಂದ ಬಸ್ಸು ಹತ್ತಿದ್ದಳು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಎದುರಿಗೆ ನಿಂತು ಹೇಳುವ ಧೈರ್ಯವೊಂದು ಅವಳ ಮೈಯಲ್ಲಿ ಇರಲಿಲ್ಲ, ಅಷ್ಟೇ.

ಬಸ್ಸಿನಿಂದ ಇಳಿದ ಮಗಳು ತುಸು ಮೈತುಂಬಿಕೊಂಡಿದ್ದಳು. ಕೂದಲು ಕತ್ತಿನವರೆಗೆ ಕತ್ತರಿಸಿದ್ದರು. ಹೆಗಲಿಗೊಂದು ಬಟ್ಟೆಚೀಲ. ಅವಳು ಚೀಲಕ್ಕೆ ಕೈಚಾಚಿದಳು, ಮಗಳು ಕೊಡಲಿಲ್ಲ.

"ಸಣ್ಣಗಾಗಿದ್ದೀಯ," ಎಂದಳು ಮಗಳು.

"ನಿನ್ನ ಮೈಯೆಲ್ಲಾ ನೀನು ವಾಪಸ್ ತಗೊಂಡ್ಯಲ್ಲ, ಅದಕ್ಕೆ."

ಮಗಳು ನಕ್ಕಳು. ಆ ನಗು ಕೇಳಿ ಬಹಳ ದಿನವಾಗಿತ್ತು. ಇಬ್ಬರೂ ಮನೆಯ ಕಡೆ ನಡೆದರು. ಹಣ್ಣಿನ ಗಾಡಿ, ಪೆಟ್ರೋಲ್ ಬಂಕು, ಔಷಧಿ ಅಂಗಡಿಯ ಮುಂದಿನ ನೂಕುನುಗ್ಗಲು. ಈಗ ಹೇಳಬೇಕು, ಮನೆ ಮುಟ್ಟುವ ಮೊದಲೇ ಹೇಳಿಬಿಡಬೇಕು ಎಂದು ಪ್ರತಿ ತಿರುವಿನಲ್ಲೂ ಬಾಯಿ ತೆರೆದಳು. ಪ್ರತಿ ತಿರುವಿನಲ್ಲೂ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

"ಹೆಬ್ಬೆರಳಿಗೆ ಏನಾಯ್ತು?"

"ಅಂಗಡೀದು. ಒಂದು ಕೋಟು ಬಣ್ಣ ಬಿಡ್ತಿತ್ತು," ಎಂದಳು. ಎಂದ ಮೇಲೆ ತನಗೇ ಕೇಳಿಸಿತು.

ಮೆಟ್ಟಿಲು ಹತ್ತಿ ಬಾಗಿಲು ತೆರೆದಾಗ ಇಲಿ ಗೂಡಿನ ಸರಳು ಹಿಡಿದು ಎದ್ದು ನಿಂತಿತ್ತು, ಅವಳು ಅಂಗಡಿಯಿಂದ ಬಂದಾಗಲೆಲ್ಲ ನಿಲ್ಲುವ ಹಾಗೆ. ಕಿಟಕಿಯ ಬೆಳಕಿಗೆ ಅದರ ಮೈ ಒಗೆದ ಬಟ್ಟೆಯಂತೆ ಹೊಳೆಯುತ್ತಿತ್ತು. ಮಗಳು ಚೀಲ ಇಳಿಸಲಿಲ್ಲ. ನೋಡಿದಳು. ಬಗ್ಗಿ, ಇನ್ನೊಮ್ಮೆ ನೋಡಿದಳು.

"ಇದು ಯಾರು?"

"ಕುಲಾವಿ ಕಣೇ. ಬಣ್ಣ ಬಿಟ್ಟಿದೆ. ಇದು ಬೂದಿ ಜಾತಿಯಂತೆ, ದೊಡ್ಡದಾಗ್ತಾ ಬೆಳ್ಳಗಾಗುತ್ತಂತೆ. ಇಲಿಯಜ್ಜನೇ ಹೇಳಿದ್ದು." ಎಷ್ಟೋ ದಿನದಿಂದ ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸಿದ ಹಾಗೆ ಕೇಳಿಸಿತು.

"ಹೋದ ವಾರ ಕಾಡಿಗೆ ಬಳಿದ ಹಾಗಿದೆ ಅಂದ್ಯಲ್ಲ."

"ಅದು... ನೀನು ಹೆದರ್ಕೋತೀಯ ಅಂತ."

ಮಗಳು ನೀರು ಕುಡಿಯಲು ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ನೀರಿನ ಸದ್ದು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಕಪ್ಪು ಒಣಗಿ ಬಿರುಕು ಬಿಟ್ಟ ಬಟ್ಟಲು, ಅದರಲ್ಲಿ ಬ್ರಷ್ಷು. ಬಟ್ಟಲನ್ನು ಮೇಜಿನ ಮೇಲಿಟ್ಟು, ಅಮ್ಮನ ಹೆಬ್ಬೆರಳನ್ನು ನೋಡಿ, ಬಟ್ಟಲನ್ನು ನೋಡಿದಳು.

"ಕೋಟು ಬಣ್ಣ ಬಿಡ್ತಾ?"

ಅವಳಿಗೆ ಕೂತುಕೊಳ್ಳಬೇಕೆನಿಸಿತು. ಕುರ್ಚಿ ಎರಡು ಹೆಜ್ಜೆ ದೂರದಲ್ಲಿತ್ತು. "ಹಚ್ಚೋಣ ಅಂದ್ಕೊಂಡೆ. ಹಚ್ಚಲಿಲ್ಲ. ಆಣೆ ಮಾಡ್ತೀನಿ, ಇದೇ ಕುಲಾವಿ. ಒಂದು ಸಲ ಕರೆದು ನೋಡು, ಬರುತ್ತೆ."

"ಕರೆಯಲ್ಲ. ಬೊಟ್ಟು ಅಂತ ಆಗಲೂ ಕರೆದಿದ್ದೆ, ಬಂದಿತ್ತು. ಕೈಯಲ್ಲಿ ಕಡಲೆಬೀಜ ಇದ್ರೆ ಯಾವ ಇಲಿಯಾದ್ರೂ ಬರುತ್ತೆ ಅಮ್ಮ." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. "ಕುಲಾವಿ ಹೆಸರಿಂದ ಇನ್ನೊಂದನ್ನ ನಾನು ಕರೆಯಲ್ಲ."

ಅವಳು ಗೂಡಿನ ಬಾಗಿಲು ತೆರೆದಳು, ಅದು ತಾನಾಗಿಯೇ ಮಗಳ ಹತ್ತಿರ ಹೋದೀತೆಂಬ ಆಸೆಯಿಂದ. ಇಲಿ ಮಗಳ ಚೀಲದ ಆಸ್ಪತ್ರೆ ವಾಸನೆಗೆ ಮೂಗು ಚುರುಕುಗೊಳಿಸಿ, ಹಿಂದೆ ಸರಿದು, ಅವಳ ತೋಳು ಏರಿ, ಸೆರಗಿನ ಮಡಿಕೆಯೊಳಗೆ ನುಗ್ಗಿ ಕೂತಿತು. ಆ ಪರಿಚಿತ ಬಿಸುಪು ಕುತ್ತಿಗೆಗೆ ತಾಗಿದಾಗ, ಮಗಳ ಎದುರಿಗೆ ಬೆತ್ತಲಾದವಳಂತೆ ಅವಳು ಸೆರಗನ್ನು ಬಿಗಿ ಮಾಡಿಕೊಂಡು ಕುರ್ಚಿಯಲ್ಲಿ ಕೂತಳು.

"ಇದು ನಿನ್ನದು. ಇದಕ್ಕೆ ಗೊತ್ತಿರೋದು ನೀನೊಬ್ಬಳೇ." ಮಗಳು ಕೊನೆಗೂ ಚೀಲ ಇಳಿಸಿ ನೆಲದ ಮೇಲೆ ಕೂತಳು. "ಅಮ್ಮಾ, ಕೇಳು. ಸತ್ತಿದ್ರೆ ಸತ್ತೋಯ್ತು ಅಂತ ಹೇಳು. ನಾನೇನು ಗಾಜಲ್ಲ, ಒಡೆದು ಹೋಗಲ್ಲ. ಅಲ್ಲಿ ದಿನಾ ಒಬ್ಬೊಬ್ರು ಬಂದು ನನ್ನ ಕೇಳ್ತಿದ್ರು, ಮನೆಗೆ ಹೋಗೋಕೆ ಯಾಕೆ ಹೆದರ್ಕೋತೀಯ ಅಂತ. ನನಗೆ ಮನೆ ಕಂಡ್ರೆ ಭಯ ಇಲ್ಲ. ಇಲ್ಲಿ ಯಾವುದು ನಿಜ ಅಂತ ಗೊತ್ತಾಗಲ್ಲ, ಅದಕ್ಕೆ ಭಯ. ಗೋಡೆ ಮುಟ್ಟಿದ್ರೂ ಇದು ಮೊದಲಿನದೇನಾ ಅನ್ಸುತ್ತೆ. ಒಂದೇ ಒಂದು ಸಲ ನಿಜ ಹೇಳು. ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಐದು ಗಂಟೆ ಬಸ್ಸಿಗೆ ಹೋಗ್ತೀನಿ."

ಇದೇ ನಿಜ, ಇದೊಂದೇ ನಿಜ, ಎಂದು ಕೂಗಬೇಕೆನಿಸಿತು. ಕೂಗಿದರೆ ಮಗಳ ಮುಖ ಹೇಗೆ ಮುಚ್ಚಿಕೊಳ್ಳುತ್ತದೆ ಎನ್ನುವುದು ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಇಷ್ಟು ನಯವಾಗಿ ಹೊಲಿದುಕೊಂಡು ಬಂದವಳ ಕೈಯಲ್ಲಿ ಇವತ್ತು ಒಂದು ಗಟ್ಟಿ ಬಟ್ಟೆಯಿದೆ, ಅದರಲ್ಲಿ ತೂತಿಲ್ಲ, ಹೊಲಿಗೆಯಿಲ್ಲ, ಆದರೆ ಅವಳ ಕೈಯಲ್ಲಿದೆ ಎನ್ನುವುದೇ ಸಾಕು, ಜನ ಬೆಳಕಿಗೆ ಹಿಡಿದು ತೇಪೆ ಹುಡುಕುತ್ತಾರೆ. ಮಗಳ ಕಣ್ಣು ಅವಳ ಮೇಲೆಯೇ ಇತ್ತು. ಬೇಡುವ ಕಣ್ಣು, ಹತ್ತು ವರ್ಷದವಳ ಕಣ್ಣು. ಸೆರಗಿನೊಳಗೆ ಇಲಿ ಹಲ್ಲು ಮಸೆಯುತ್ತಿತ್ತು, ಹಿತವಾದಾಗ ಮಸೆಯುವ ಹಾಗೆ, ಮೆಲ್ಲಗೆ.

"ಸತ್ತೋಯ್ತು ಮಗಾ," ಎಂದಳು.

ಮಗಳು ಕಣ್ಣು ಮುಚ್ಚಿದಳು. ಭುಜಗಳು ಇಳಿದವು. ಯಾವುದೋ ದೊಡ್ಡ ಹೊರೆಯನ್ನು ಯಾರೋ ಹಿಂದಿನಿಂದ ಎತ್ತಿಕೊಂಡ ಹಾಗೆ ಅವಳ ಬೆನ್ನು ಸಡಿಲವಾಯಿತು. "ಯಾವಾಗ?"

"ಮಳೆಗಾಲದಲ್ಲಿ."

"ನರಳ್ತಾ?"

"ಇಲ್ಲ. ನಿದ್ದೇಲೇ." ಮಾತು ತಾನಾಗಿ ಬರುತ್ತಿತ್ತು, ಎಳೆಯ ಹಿಂದೆ ಎಳೆ. "ಬೆಳಿಗ್ಗೆ ಎದ್ದು ನೋಡಿದ್ರೆ ತಣ್ಣಗಾಗಿತ್ತು. ನಿನಗೆ ಹೇಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಇದನ್ನ ತಂದೆ. ಕಪ್ಪು ಸಿಗ್ಲಿಲ್ಲ."

ಮಗಳು ಮಂಡಿಯಲ್ಲೇ ತೆವಳಿ ಬಂದು ಅವಳ ಮಡಿಲಲ್ಲಿ ತಲೆಯಿಟ್ಟಳು. ಆಮೇಲೆ ಅತ್ತಳು, ಸದ್ದು ಮಾಡಿ, ಮೂಗು ಸುರಿಸಿ, ಚಿಕ್ಕವಳಿದ್ದಾಗಲೂ ಅವಳು ಹಾಗೆ ಅತ್ತಿರಲಿಲ್ಲ. "ಥ್ಯಾಂಕ್ಸ್ ಅಮ್ಮ," ಎಂದಳು ಬಿಕ್ಕುಗಳ ನಡುವೆ. ಆ ಮಾತು ಚಾಕುವಿನ ಹಾಗೆ ಒಳಗಿಳಿಯಿತು. ಅವಳು ಮಗಳ ಗಿಡ್ಡ ಕೂದಲಿನಲ್ಲಿ ಬೆರಳಾಡಿಸುತ್ತ ಕೂತಳು. ಎಷ್ಟು ವರ್ಷದಿಂದ ಕಾದ ತೂಕ ಇದು. ಇನ್ನು ಈ ತೂಕ ಮಡಿಲಲ್ಲಿ ಇರುವಷ್ಟು ದಿನವೂ ಬಾಯಿ ತೆರೆಯುವಂತಿಲ್ಲ.

ಐದು ಗಂಟೆಯ ಬಸ್ಸಿನ ಹಾರನ್ ಬೀದಿಯ ತುದಿಯಿಂದ ಕೇಳಿಸಿತು. ಮಗಳು ತಲೆ ಎತ್ತಲಿಲ್ಲ. ಅದು ದೂರವಾದ ಮೇಲೆ ಎದ್ದು ಮುಖ ತೊಳೆದುಕೊಂಡಳು.

"ಎಲ್ಲಿ ಹೂತೆ?"

"ಕೆಳಗೆ. ಕಿಟಕಿ ನೇರಕ್ಕೆ, ನೀರಿನ ಪೈಪಿನ ಪಕ್ಕ."

"ನಾನೊಬ್ಬಳೇ ಹೋಗಿ ಬರ್ತೀನಿ. ನೀನು ಬರಬೇಡ." ಬಾಗಿಲಿನಲ್ಲಿ ತಿರುಗಿ, ಸೆರಗಿನಿಂದ ಇಣುಕುತ್ತಿದ್ದ ಬಿಳಿ ಮೂತಿಯನ್ನು ನೋಡಿದಳು. ನೋಟದಲ್ಲಿ ಕನಿಕರವಿತ್ತು. "ಅಮ್ಮ, ಇದನ್ನ ನಾಳೆ ಅಜ್ಜನಿಗೆ ವಾಪಸ್ ಕೊಟ್ಟು ಬಾ. ಪಾಪ, ಅದರ ತಪ್ಪೇನಿಲ್ಲ. ಆದ್ರೆ ನನಗೆ ನೋಡೋಕಾಗ್ತಿಲ್ಲ."

"ಹ್ಞೂಂ," ಎಂದಳು.

ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಕಿಟಕಿಯ ಹತ್ತಿರ ಹೋದಳು. ಇಲಿ ಸೆರಗಿನಿಂದ ಇಳಿದು ಕಿಟಕಿಯ ಕಟ್ಟೆಯ ಮೇಲೆ ಕೂತು ಮೈ ನೆಕ್ಕಿಕೊಳ್ಳತೊಡಗಿತು, ಹಿಂದೆ ಪಟ್ಟೆ ಇದ್ದ ಬೆನ್ನನ್ನು, ಹೆಗಲನ್ನು. ಕೆಳಗೆ ಮಗಳು ಪೈಪಿನ ಪಕ್ಕದ ಮಣ್ಣನ್ನು ಅಂಗೈಯಿಂದ ಸವರುತ್ತಿದ್ದಳು. ಯಾರೂ ಅಗೆದಿರದ ಗಟ್ಟಿ ನೆಲ. ಕಲ್ಲುಗಳನ್ನು ಆರಿಸಿ ಆಚೆ ಹಾಕಿದಳು, ಒಣ ಎಲೆ ಗುಡಿಸಿದಳು, ಒಂದು ಸಣ್ಣ ಚೌಕ ಮಾಡಿದಳು. ಆಸ್ಪತ್ರೆಗೆ ಹೋಗುವ ಮೊದಲು ಅವಳ ಕೈಗಳು ಯಾವ ಕೆಲಸವನ್ನೂ ಇಷ್ಟು ಮನಸ್ಸಿಟ್ಟು ಮಾಡಿದ್ದಿಲ್ಲ. ಆಮೇಲೆ ಆ ಚೌಕದ ಮೇಲೆ ಬಗ್ಗಿ, ಮೆತ್ತಗೆ, ಮಗುವನ್ನು ಎಬ್ಬಿಸುವ ದನಿಯಲ್ಲಿ ಕರೆದಳು.

"ಕುಲಾವೀ..."

ಕಟ್ಟೆಯ ಮೇಲಿನ ಇಲಿ ನೆಕ್ಕುವುದನ್ನು ನಿಲ್ಲಿಸಿತು. ಎರಡೂ ಕಿವಿಗಳು ಕೆಳಕ್ಕೆ ತಿರುಗಿದವು. ಅದು ಅಂಚಿಗೆ ಬಂದು, ಮುಂಗಾಲು ಹೊರಗೆ ಚಾಚಿ, ಆ ದನಿಯ ಕಡೆಗೆ ಮೈ ನೀಡಿತು, ಮೀಸೆ ನಡುಗಿಸುತ್ತ. ಒಂದು ಕೂಗು ಕೂಗಿದರೆ ಸಾಕಿತ್ತು. ಮೇಲೆ ನೋಡೇ, ಎಂದರೆ ಸಾಕಿತ್ತು. ಮಗಳ ಬಾಗಿದ ಕತ್ತು ಸಂಜೆಯ ಬೆಳಕಿನಲ್ಲಿ ಎಷ್ಟು ಶಾಂತವಾಗಿತ್ತೆಂದರೆ, ಕಿಟಕಿಯಲ್ಲಿ ಅವಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಇಲಿಯನ್ನು ಎರಡು ಕೈಯಿಂದ ಹಿಂದಕ್ಕೆ ಎಳೆದುಕೊಂಡು ಎದೆಗೆ ಒತ್ತಿ ಹಿಡಿದಳು. ಅದು ಕೊಸರಾಡಿತು. ಅವಳು ಅದರ ಕಿವಿಗಳ ಮೇಲೆ ಅಂಗೈ ಮುಚ್ಚಿದಳು.

ಕೆಳಗಿನಿಂದ ಮಗಳು ಇನ್ನೊಂದು ಸಲ ಕರೆದಳು.